ಸೀಸನ್ನಿನ ಮೊದಲ ಪ್ರಾಕ್ಟೀಸಿಗೆ ರೇಸ್‌ಬಾಕ್ಸ್ ಮಿನಿ: ದುಡ್ಡು ಹಾಕಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಒಂದೊಂದು ಸುತ್ತಿಗೆ ಹಿಡಿದ ಸಮಯವನ್ನು, ಅಂದರೆ ಲ್ಯಾಪ್ ಟೈಮನ್ನು, ಜಿಪಿಎಸ್‌ನಿಂದ ಅಳೆಯುವ ಈ ಸಾಧನ ಹಾಕಿಕೊಂಡರೆ ಆ ಟೈಮ್ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನದು ಮೊದಲ ಸೆಷನ್‌ನಲ್ಲಿ ಏರಿತು. ಎರಡನೆಯದರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರುವ ಈ ಡಬ್ಬಿ ಯಾಕೆ ಬೇಕು ಅಂತ ಅರ್ಥವಾಗಿದ್ದು ಮಧ್ಯಾಹ್ನದ ಹೊತ್ತಿಗೆ, ಅದೂ ನಾನು ಯಾವ ಕಾರಣಕ್ಕೆ ತರಿಸಿಕೊಂಡೆನೋ ಆ ಕಾರಣಕ್ಕಲ್ಲ.

ನಾನು ಪೀಣ್ಯದಲ್ಲಿ ಲೇಥ್ ಶೆಡ್ ಇಟ್ಟುಕೊಂಡವನು. ವರ್ಷಕ್ಕೆ ನಾಲ್ಕೈದು ಸಲ ನನ್ನ 200 ಸಿಸಿ ಬೈಕನ್ನು ಟಾಟಾ ಏಸ್‌ಗೆ ಏರಿಸಿ, ಹಗ್ಗ ಬಿಗಿದು, ರಾತ್ರಿ ಹತ್ತಕ್ಕೆ ಹೊರಟು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೆಳಗಿನ ಜಾವ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನ ಗೇಟ್ ಮುಂದೆ ನಿಲ್ಲುತ್ತೇನೆ. ಬೆಂಗಳೂರಲ್ಲಿ ಗೋ-ಕಾರ್ಟ್ ಟ್ರ್ಯಾಕ್‌ಗಳಿವೆ, ಬೈಕನ್ನು ಪೂರ್ತಿ ಬಿಡುವಂಥ ಸರ್ಕ್ಯೂಟ್ ಇಲ್ಲ. ಹಾಗಾಗಿ ನಮ್ಮ ಕಡೆಯ ರೇಸ್ ಹುಚ್ಚಿನವರಿಗೆ ಮದ್ರಾಸಿನ ಈ ಟ್ರ್ಯಾಕೇ ಗತಿ. 1990ರಿಂದ ಇರುವ ಜಾಗ. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ಹಳಬರ ಬಾಯಲ್ಲಿ ಇನ್ನೂ ಎಂಎಂಆರ್‌ಟಿ, ಅಂದರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. ಒಂದು ಸುತ್ತು 3.717 ಕಿಲೋಮೀಟರ್, 12 ತಿರುವು. ತಿರುವುಗಳಿಗೆ ಚೆಂದದ ಹೆಸರೇನಿಲ್ಲ, ಸಿ-1, ಸಿ-2 ಹೀಗೆ ಸಿ-12ರ ತನಕ.

ಜೂನ್‌ನಲ್ಲಿ ಸೀಸನ್ ಶುರು, ಅದಕ್ಕೆ ಮುಂಚಿನ ಮೊದಲ ಪ್ರಾಕ್ಟೀಸ್ ದಿನ ಇದು. ಡಿಸೆಂಬರ್‌ನಿಂದ ಟ್ರ್ಯಾಕ್ ಮುಖ ನೋಡಿಲ್ಲ. ಲೆದರ್ ಸೂಟಿನ ಜಿಪ್ ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಭಾವಮೈದ ಹಿಂದಿನಿಂದ ಎರಡೂ ಕೈ ಹಾಕಿ ಎಳೆದು, "ಉಸಿರು ಬಿಡಬೇಡಿ ಭಾವ" ಅಂದ. ಹದಿನೈದು ನಿಮಿಷದ ಸೆಷನ್ ಪೂರ್ತಿ ಉಸಿರು ಬಿಡದೆ ಓಡಿಸೋಕಾಗುತ್ತಾ?

ಈ ಭಾವಮೈದನ ವಿಷಯ ಸ್ವಲ್ಪ ಹೇಳಬೇಕು. ಇಷ್ಟು ವರ್ಷ ನನ್ನ ಲ್ಯಾಪ್ ಟೈಮರ್ ಅಂದರೆ ಇವನೇ. ಪಿಟ್ ವಾಲ್ (ಟ್ರ್ಯಾಕ್ ಪಕ್ಕ ಜೊತೆಯವರು ನಿಲ್ಲುವ ಗೋಡೆ) ಮೇಲೆ ಒಂದು ಸ್ಟಾಪ್‌ವಾಚ್, ಒಂದು ಬಾಲ್ ಪೆನ್, ಮಕ್ಕಳ ಚೌಕುಳಿ ನೋಟ್‌ಬುಕ್ಕು. ಬೈಕ್ ಲೈನ್ ದಾಟುತ್ತಿದ್ದ ಹಾಗೆ ಒತ್ತುತ್ತಾನೆ, ಬರೆಯುತ್ತಾನೆ. ಕಳೆದ ಎರಡು ಸೀಸನ್ ಫೋನಿನಲ್ಲಿ ರೇಸ್‌ಕ್ರೋನೋ ಆ್ಯಪ್ ಹಾಕಿಕೊಂಡೆ. ಆ್ಯಪ್ ಚೆನ್ನಾಗಿದೆ, ಸುಮ್ನೆ ನೋಡೋದಕ್ಕೆ ಫ್ರೀ ಆವೃತ್ತಿಯೂ ಇದೆ. ತೊಂದರೆ ಇರುವುದು ಫೋನಿನೊಳಗಿನ ಜಿಪಿಎಸ್‌ನದು. ಬಹುತೇಕ ಫೋನುಗಳು ನಾವೆಲ್ಲಿದ್ದೇವೆ ಅಂತ ನೋಡುವುದು ಸೆಕೆಂಡಿಗೆ ಒಂದು ಸಲ. ಗಂಟೆಗೆ 130 ಕಿಲೋಮೀಟರಿನಲ್ಲಿ ಲೈನ್ ದಾಟಿದರೆ ಒಂದು ಸೆಕೆಂಡಿಗೆ 36 ಮೀಟರ್ ಮುಂದೆ ಹೋಗಿರುತ್ತೇವೆ. ಆ ಎರಡು ಚುಕ್ಕೆಗಳ ಮಧ್ಯೆ ಎಲ್ಲೋ ಲೈನ್ ಇತ್ತು ಅಂತ ಆ್ಯಪ್ ಪಾಪ ಅಂದಾಜು ಮಾಡಬೇಕು. ರೇಸ್‌ಬಾಕ್ಸ್ ಮಿನಿ ಅದೇ ಕೆಲಸವನ್ನು ಸೆಕೆಂಡಿಗೆ 25 ಸಲ ಮಾಡುತ್ತದೆ. 36 ಮೀಟರ್ ಇದ್ದದ್ದು ಒಂದೂವರೆ ಮೀಟರ್‌ಗಿಂತ ಕಡಿಮೆಯಾಯಿತು. ಬ್ಲೂಟೂತ್‌ನಲ್ಲಿ ಫೋನಿಗೆ ಕೂಡಿಸಿದರೆ ನಾನು ಆಗಲೇ ಬಳಸುತ್ತಿದ್ದ ರೇಸ್‌ಕ್ರೋನೋದಲ್ಲೇ ಓಡುತ್ತದೆ, ಹೊಸದಾಗಿ ಏನೂ ಕಲಿಯಬೇಕಿಲ್ಲ. ನಾನು ಹೊರದೇಶದಲ್ಲಿರುವ ಕಸಿನ್ ಕೈಲಿ ತರಿಸಿದೆ. ಒಂದು ಜೊತೆ ಟೈರಿನ ದುಡ್ಡು ಬಿತ್ತು, ಸ್ವಲ್ಪ ಮೇಲೇನೇ. ಮನೆಯಲ್ಲಿ ಟೈರ್ ಅಂತಲೇ ಹೇಳಿದ್ದೇನೆ.

ಕೂರಿಸುವುದು ಸುಲಭ. ಸೀಟಿನ ಹಿಂದಿನ ಪ್ಲಾಸ್ಟಿಕ್ ಕೌಲ್ ಕೆಳಗೆ ಎರಡು ಬದಿಯ ಟೇಪ್ ಹಾಕಿ ಅಂಟಿಸಿ, ಮೇಲೊಂದು ಜಿಪ್ ಟೈ ಬಿಗಿದೆ. ಪ್ಲಾಸ್ಟಿಕ್ ಅಡಿಯಲ್ಲಿಟ್ಟರೆ ಪರವಾಗಿಲ್ಲ, ಲೋಹದ ಕೆಳಗೆ ಇಡಬೇಡಿ, ಅದಕ್ಕೆ ಆಕಾಶ ಕಾಣಬೇಕು. ಬೈಕ್ ಸ್ಟಾರ್ಟ್ ಮಾಡುವುದಕ್ಕೆ ಒಂದೆರಡು ನಿಮಿಷ ಮೊದಲೇ ಬಯಲಲ್ಲಿ ಆನ್ ಮಾಡಿ ಇಟ್ಟರೆ ಒಳ್ಳೆಯದು.

ಫೋನ್ ಎಲ್ಲಿಡುವುದು ಅನ್ನುವುದೇ ದೊಡ್ಡ ತಲೆನೋವು. ಟ್ಯಾಂಕ್ ಮುಂದೆ ಇಟ್ಟರೆ ಓಡಿಸುವಾಗಲೇ ಪರದೆ ಮೇಲೆ ಲೆಕ್ಕ ಕಾಣುತ್ತದೆ. ನಿಮ್ಮ ಒಳ್ಳೆಯ ಲ್ಯಾಪ್‌ಗಿಂತ ಈಗ ಎಷ್ಟು ಮುಂದೆ ಇದ್ದೀರಿ, ಎಷ್ಟು ಹಿಂದೆ ಅಂತ. ಕೇಳೋಕೆ ಭಾರಿ ಚೆಂದ, ಅಲ್ವಾ? ಮೊದಲ ಸೆಷನ್ ಹಾಗೇ ಹೋದೆ. ಟೈರ್ ಇನ್ನೂ ಬಿಸಿಯಾಗಿಲ್ಲ, ಕೈಗೆ ಟ್ರ್ಯಾಕ್ ಮರೆತುಹೋಗಿದೆ, ಮೂರನೇ ಲ್ಯಾಪ್‌ಗೇ ಮುಂಗೈ ಕಲ್ಲಿನಂತೆ ಗಟ್ಟಿ. ಇಂಥ ಸ್ಥಿತಿಯಲ್ಲಿ ಕಣ್ಣ ಮುಂದೆ ಕೆಂಪು ಅಕ್ಷರದಲ್ಲಿ ಮೂರು ಸೆಕೆಂಡ್ ಹಿಂದೆ, ನಾಲ್ಕು ಸೆಕೆಂಡ್ ಹಿಂದೆ ಅಂತ ಕುಣಿಯುತ್ತಿದ್ದರೆ ಏನಾಗುತ್ತೆ? ಡಿಸೆಂಬರಿನ ನನ್ನನ್ನೇ ನಾನು ಅಟ್ಟಿಸಿಕೊಂಡು ಹೋದೆ. ಒಂದು ತಿರುವಿಗೆ ಬ್ರೇಕ್ ತಡವಾಗಿ ಹಿಡಿದು ಸೀದಾ ಕಚ್ಚಾ ಮಣ್ಣಿಗೆ ಇಳಿದೆ. ಬೀಳಲಿಲ್ಲ, ಪುಣ್ಯ. ಆದರೆ ಆ ಕುಲುಕಾಟಕ್ಕೆ ಎಂಟುನೂರು ರೂಪಾಯಿಯ ಫೋನ್ ಮೌಂಟ್ ಸಡಿಲವಾಗಿ, ಫೋನು ಒಂದೇ ಕಿವಿಯಲ್ಲಿ ನೇತಾಡುತ್ತಾ ಪಿಟ್‌ಗೆ ಬಂತು. ಯಾವ ಕಂಪನಿ ಮೌಂಟು ಅಂತ ಹೇಳುವುದಿಲ್ಲ. ತಪ್ಪು ನನ್ನದೂ ಇದೆ, ಇನ್ನೊಬ್ಬರ ಚಕ್ರಕ್ಕೆ ಬಿದ್ದಿದ್ದರೆ ಅವರ ಗತಿ ಏನು? ಆಮೇಲೆ ಫೋನನ್ನು ಸ್ಪಂಜಿನಲ್ಲಿ ಸುತ್ತಿ ಕೌಲ್ ಒಳಗೇ ತುರುಕಿದೆ. ಬಿಸಿಲಿಗೆ ಕಾಯ್ದು ಒಂದು ಸಲ ತಾನಾಗಿಯೇ ಮಂಕಾಗಿಯೂ ಹೋಯಿತು, ಮದ್ರಾಸಿನ ಜೂನ್ ಅಂದರೆ ಹಾಗೇನೇ. ಆದರೆ ಪರದೆ ಕಾಣದಿದ್ದದ್ದರಿಂದ ಎರಡನೇ ಸೆಷನ್‌ನಲ್ಲಿ ನನ್ನ ಪಾಡಿಗೆ ನಾನು ಓಡಿಸಿದೆ.

ನಿಖರತೆ ವಿಷಯಕ್ಕೆ ಬರೋಣ. ಅವತ್ತು ಬೈಕಿಗೆ ಟ್ರಾನ್ಸ್‌ಪಾಂಡರೂ (ಲೈನ್ ದಾಟಿದ ಕ್ಷಣವನ್ನು ಟ್ರ್ಯಾಕಿನವರ ಟೈಮಿಂಗ್ ಯಂತ್ರಕ್ಕೆ ತಿಳಿಸುವ ಪುಟ್ಟ ಸಾಧನ) ಕಟ್ಟಿದ್ದರು, ಹಾಗಾಗಿ ಹೋಲಿಸಿ ನೋಡೋಕೆ ಅಸಲಿ ಲೆಕ್ಕ ಸಿಕ್ಕಿತು. ಎರಡನೇ ಸೆಷನ್‌ನ ಒಂದು ಲ್ಯಾಪ್ ತಗೊಳ್ಳಿ. ಟೈಮಿಂಗ್ ಶೀಟಿನಲ್ಲಿ 2 ನಿಮಿಷ 16.20. ರೇಸ್‌ಬಾಕ್ಸ್‌ನಲ್ಲಿ 16.22. ಇನ್ನೊಂದು ಹಳೇ ಫೋನು ಬ್ಯಾಗಲ್ಲಿತ್ತು, ಅದನ್ನೂ ಅದರದೇ ಜಿಪಿಎಸ್ ಮೇಲೆ ಓಡಿಸಿದ್ದೆ, ಅದು 16.6. ಭಾವಮೈದನ ನೋಟ್‌ಬುಕ್ಕಿನಲ್ಲಿ 16.4. ಅಂದರೆ ಫೋನಿಗಿಂತ ನಮ್ಮ ಹುಡುಗನ ಹೆಬ್ಬೆರಳೇ ವಾಸಿ! ಇದನ್ನು ಅವನಿಗೆ ಹೇಳಬಾರದಿತ್ತು.

ಈಗ ಅಸಲಿ ವಿಷಯ. ಮಧ್ಯಾಹ್ನ ಊಟದ ಹೊತ್ತಲ್ಲಿ ಶೆಡ್ಡಿನ ನೆರಳಿಗೆ ಕೂತು, ಒಂದು ಕೈಯಲ್ಲಿ ಮೊಸರನ್ನದ ಡಬ್ಬಿ, ಇನ್ನೊಂದರಲ್ಲಿ ಫೋನು ಹಿಡಿದು ವೇಗದ ಗ್ರಾಫ್ ನೋಡಿದೆ. ಅಡ್ಡಕ್ಕೆ ದೂರ, ಮೇಲಕ್ಕೆ ವೇಗ. ಎರಡು ಮೂರು ಲ್ಯಾಪನ್ನು ಒಂದರ ಮೇಲೊಂದು ಹಾಕಬಹುದು. ನನ್ನ ನಂಬಿಕೆ ಏನಿತ್ತು ಅಂದರೆ ನಾನು ನಿಧಾನದ ತಿರುವುಗಳಿಗೆ ಬ್ರೇಕನ್ನು ಭಾರಿ ತಡವಾಗಿ ಹಿಡಿಯುವ ಧೈರ್ಯವಂತ, ಟೈಮ್ ಹೋಗುತ್ತಿರುವುದು ಇಂಜಿನ್ ಹಳೆಯದಾಗಿದ್ದಕ್ಕೆ. ತಡವಾಗಿ ಬ್ರೇಕ್ ಹಿಡಿಯುತ್ತಿದ್ದದ್ದು ನಿಜವೇ. ಆದರೆ ಹಾಗೆ ಹಿಡಿದ ಲ್ಯಾಪ್‌ಗಳಲ್ಲಿ ತಿರುವಿನ ನಡುವೆ ವೇಗ ಪಾತಾಳಕ್ಕೆ ಇಳಿದಿದೆ, ಮತ್ತೆ ಥ್ರಾಟಲ್ ತೆರೆಯುವುದು ತಡವಾಗಿದೆ. ಒಳಗೆ ಹೋಗುವಾಗ ಉಳಿಸಿದ ಚೂರುಪಾರನ್ನು ಹೊರಗೆ ಬರುವಾಗ ಬಡ್ಡಿ ಸಮೇತ ಕಟ್ಟಿದ್ದೇನೆ.

ಇನ್ನೂ ದೊಡ್ಡ ಅವಮಾನ ಸಿ-1ರಲ್ಲಿ. ಸ್ಟಾರ್ಟ್ ಲೈನ್ ದಾಟಿದ ಮೇಲೆ ಬರುವ ವೇಗದ ತಿರುವು ಅದು. ನನ್ನಂಥ ಚಿಕ್ಕ ಬೈಕಿನಲ್ಲಿ ಥ್ರಾಟಲ್ ಬಿಡದೇ ಹೋಗುವ ಜಾಗ. ಯಾರಾದರೂ ಕೇಳಿದ್ದರೆ ನಾನು ಬಿಡುವುದೇ ಇಲ್ಲ ಅಂತ ಆಣೆ ಮಾಡುತ್ತಿದ್ದೆ. ಗ್ರಾಫಿನಲ್ಲಿ ಪ್ರತಿ ಲ್ಯಾಪ್‌ನಲ್ಲೂ ಅದೇ ಜಾಗದಲ್ಲಿ ಒಂದು ತಗ್ಗು. ದೊಡ್ಡದಲ್ಲ, ಐದಾರು ಕಿಲೋಮೀಟರ್ ವೇಗ ಅಷ್ಟೇ. ಲೀಟರ್ ಬೈಕಾಗಿದ್ದರೆ, ಅಂದರೆ 1000 ಸಿಸಿಯದ್ದಾಗಿದ್ದರೆ, ಒಂದು ತಿರುಚಿಗೆ ವಾಪಸ್ ಬರುತ್ತಿತ್ತು. 200 ಸಿಸಿಯಲ್ಲಿ ಅಷ್ಟು ವೇಗದಲ್ಲಿ ಇಂಜಿನ್ ಹತ್ತಿರ ಮಿಗಿಸಿ ಇಟ್ಟಿರುವ ಶಕ್ತಿ ಏನೂ ಇರುವುದಿಲ್ಲ. ಕಳೆದುಕೊಂಡ ಐದು ಕಿಲೋಮೀಟರ್ ತಿರುಗಿ ಗಳಿಸೋಕೆ ಮುಂದಿನ ಬ್ರೇಕಿಂಗ್ ಜಾಗದವರೆಗೂ ಒದ್ದಾಡಬೇಕು. ಪ್ರತಿ ಲ್ಯಾಪ್‌ನಲ್ಲೂ ಅಲ್ಲೇ ಟೈಮ್ ಸೋರಿದೆ.

ಭಾವಮೈದನಿಗೆ ತೋರಿಸಿದೆ. ಅವನು ಉಪ್ಪಿನಕಾಯಿ ನೆಕ್ಕುತ್ತಾ ನೋಡಿ, "ಹ್ಞೂಂ, ಅಲ್ಲಿ ಎಕ್ಸಲೇಟರ್ ಬಿಡ್ತೀರಲ್ಲ, ಗೋಡೆ ಹತ್ರಕ್ಕೆ ಕೇಳ್ಸತ್ತೆ" ಅಂದ.

"ಅದನ್ನ ಎರಡು ವರ್ಷದಿಂದ ಹೇಳೋಕೇನು ನಿಂಗೆ?"

"ನೀವು ಟೈಮ್ ಕೇಳಿದ್ರಿ ಭಾವ, ಟೈಮ್ ಬರ್ದೆ."

ಹೀಗಾಯಿತು ನನ್ನ ಟೈರ್ ದುಡ್ಡಿನ ಕಥೆ.

ಆದರೂ ಡಬ್ಬಿಯ ಪರವಾಗಿ ಒಂದು ಮಾತು. ಕೇಳಿಸುವುದು ಬೇರೆ, ಎಷ್ಟು ನಷ್ಟ ಅಂತ ಅಂಕಿಯಲ್ಲಿ ನೋಡುವುದು ಬೇರೆ. ಅವನು ಬಾಯಲ್ಲಿ ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಗ್ರಾಫಿನ ಜೊತೆ ಜಗಳ ಆಡೋಕಾಗಲ್ಲ. ಮೂರನೇ ಸೆಷನ್‌ಗೆ ಹೋಗುವಾಗ ಎರಡೇ ಕೆಲಸ ಇಟ್ಟುಕೊಂಡೆ. ಸಿ-1ರಲ್ಲಿ ಕೈ ಅಲ್ಲಾಡಿಸಬಾರದು, ನಿಧಾನದ ತಿರುವುಗಳಿಗೆ ಹತ್ತು ಮೀಟರ್ ಮುಂಚೆ ಬ್ರೇಕ್. 2 ನಿಮಿಷ 13.8 ಬಂತು. ನಾಲ್ಕನೆಯದರಲ್ಲಿ 12.3. ಡಿಸೆಂಬರಿನ ನನ್ನ ಬೆಸ್ಟ್ 11.4, ಅದನ್ನು ಮುಟ್ಟಲಿಲ್ಲ. ಆರು ತಿಂಗಳು ಲೇಥ್ ಮುಂದೆ ನಿಂತ ಮೈಗೆ ಇಷ್ಟು ಸಾಕು. ಸಿ-1ರ ತಗ್ಗು ಪೂರ್ತಿ ಹೋಗಿಲ್ಲ, ಅರ್ಧ ತುಂಬಿದೆ. ತಲೆ ಹೇಳಿದ್ದನ್ನು ಬಲಗೈ ಇನ್ನೂ ನಂಬುತ್ತಿಲ್ಲ.

ಪ್ರಾಕ್ಟೀಸಿನ ಒಂದೇ ಒಂದು ಟೈಮ್ ಹಿಡಿದುಕೊಂಡು ಕೂರುವುದು ದೊಡ್ಡವರ ರೇಸಲ್ಲೂ ಮೋಸವೇ. ಬೈಕ್ ರೇಸಿನ ವಿಶ್ವ ಚಾಂಪಿಯನ್‌ಷಿಪ್ ಮೋಟೋಜಿಪಿಯಲ್ಲಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಪ್ರಾಕ್ಟೀಸ್ ಇರುತ್ತದೆ, ಮೊದಲ ಹತ್ತು ಮಂದಿ ಸೀದಾ ಎರಡನೇ ಕ್ವಾಲಿಫೈಯಿಂಗಿಗೆ, ರೇಸಲ್ಲಿ ಮುಂದಿನ ಸಾಲುಗಳಲ್ಲಿ ಯಾರು ನಿಲ್ಲಬೇಕು ಅಂತ ತೀರ್ಮಾನವಾಗುವ ಸುತ್ತಿಗೆ. ಹಾಗಾಗಿ ಕೊನೆಯ ಹತ್ತು ನಿಮಿಷ ಎಲ್ಲರೂ ಹೊಸ ಮೆತ್ತನೆ ಟೈರ್ ಹಾಕಿ ಒಂದು ಲ್ಯಾಪ್ ಬಾರಿಸುತ್ತಾರೆ. ಪಟ್ಟಿಯಲ್ಲಿ ಕಾಣುವುದು ಅದು. ಭಾನುವಾರ ಯಾರು ಗೆಲ್ಲಬಹುದು ಅಂತ ತಿಳಿಯಬೇಕಿದ್ದರೆ ಅದಕ್ಕೆ ಮುಂಚೆ ಹಳೇ ಟೈರಿನಲ್ಲಿ ಯಾರು ಒಂದೇ ಸಮ ಸುತ್ತಿದರು ಅಂತ ನೋಡಬೇಕು. ನಾನೂ ಈಗ ಬೆಸ್ಟ್ ಲ್ಯಾಪ್ ಬಿಟ್ಟು, ಸೆಷನ್‌ನ ನಾಲ್ಕೈದು ಲ್ಯಾಪ್ ಎಷ್ಟು ಹತ್ತಿರ ಹತ್ತಿರ ಇವೆ ಅಂತ ನೋಡುತ್ತೇನೆ. ಮೊದಲ ಸೆಷನ್‌ನಲ್ಲಿ ನಾಲ್ಕು ಸೆಕೆಂಡ್ ವ್ಯತ್ಯಾಸ, ಕೊನೆಯದರಲ್ಲಿ ಒಂದಕ್ಕಿಂತ ಕಡಿಮೆ.

ಟೈರಿನ ಗಾಳಿ ಮಾತ್ರ ಈ ಡಬ್ಬಿಗೆ ಗೊತ್ತಾಗಲ್ಲ, ಅದಕ್ಕೆ ಗೇಜ್ ಬೇಕೇ ಬೇಕು. ಬೆಳಗ್ಗೆ ಮುಂದಿನ ಟೈರಿಗೆ 26 ಪಿಎಸ್‌ಐ ಹಿಡಿಸಿದ್ದೆ, ಇಳಿದ ತಕ್ಷಣ ನೋಡಿದರೆ 31. ತಮಾಷೆ ಏನೆಂದರೆ ಮೋಟೋಜಿಪಿಯಲ್ಲಿ ಓಡುವಾಗ ಮುಂದಿನ ಟೈರಿನಲ್ಲಿ ಇರಲೇಬೇಕಾದ ಕನಿಷ್ಠ ಗಾಳಿ 1.8 ಬಾರ್, ಅಂದರೆ ಸುಮಾರು 26. 2025ರ ಸೀಸನ್ ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಶುರುವಾದಾಗ ಮಾರ್ಕ್ ಮಾರ್ಕೆಸ್ ಇದಕ್ಕಾಗಿಯೇ ಬೇಕೆಂದು ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟು, ಅವನ ಹಿಂದೆ ಕೂತು ಟೈರ್ ಬಿಸಿ ಮಾಡಿ ಗಾಳಿಯ ಒತ್ತಡ ಏರಿಸಿಕೊಂಡು, ಕೊನೆಗೆ ದಾಟಿ ಗೆದ್ದ. ನಮಗೆ ಮುಂದೆ ಬಿಡೋಕೆ ಬೇರೆ ಕಾರಣವೇ ಬೇಡ.

ಇದರಿಂದ ಆಗದೇ ಇರುವುದೂ ಇದೆ. ನೀವು ತಿರುವಿನ ಒಳಗಡೆ ಅರ್ಧ ಅಡಿ ಆಚೆ ಹೋದಿರೋ ಈಚೆ ಹೋದಿರೋ ಅಂತ ಜಿಪಿಎಸ್ ಗೆರೆ ನೋಡಿ ತೀರ್ಮಾನ ಮಾಡಬೇಡಿ, ಅಷ್ಟು ಸೂಕ್ಷ್ಮ ಅದಕ್ಕಾಗಲ್ಲ. ಅದಕ್ಕೆ ವೀಡಿಯೊ ಬೇಕು. ಗ್ರಾಫ್ ಓದೋಕೆ ಕಲಿಯುವ ತಾಳ್ಮೆಯೂ ಬೇಕು, ಮೊದಲ ಅರ್ಧ ಗಂಟೆ ಇಸಿಜಿ ನೋಡಿದ ಹಾಗಿರುತ್ತದೆ. ವರ್ಷಕ್ಕೆ ಒಂದು ಸಲ ಸುಮ್ನೆ ಮಜಾಕ್ಕೆ ಟ್ರ್ಯಾಕಿಗೆ ಹೋಗುವವರು ಆ ದುಡ್ಡಿಗೆ ನಿಜವಾಗಲೂ ಟೈರ್ ತಗೊಳ್ಳಿ. ಸೀಸನ್ ಪೂರ್ತಿ ಓಡುವವರಾದರೆ ತಗೊಳ್ಳಿ, ಆದರೆ ಪರದೆ ಕಾಣದ ಹಾಗೆ ಫೋನ್ ಮುಚ್ಚಿಡಿ.

ಸಂಜೆ ಬೈಕ್ ಏರಿಸುವಾಗ ಆ ಚೌಕುಳಿ ನೋಟ್‌ಬುಕ್ಕು ಕೈಗೆ ಸಿಕ್ಕಿತು. ಹಿಂದಿನ ಪುಟಗಳನ್ನು ತಿರುಗಿಸಿದೆ. ಕೆಲವು ಟೈಮ್‌ಗಳ ಪಕ್ಕ ಸಣ್ಣದೊಂದು ಚುಕ್ಕೆ. ಏನಿದು ಅಂದರೆ, "ಬಿಡದೇ ಹೋದ ಲ್ಯಾಪು" ಅಂದ. ಎರಡು ಸೀಸನ್ನಿಗೆ ಒಟ್ಟು ಏಳು ಚುಕ್ಕೆ ಇದ್ದವು, ಇವತ್ತಿನ ಪುಟದಲ್ಲಿ ಮೂರು. ವಾಪಸ್ ಬರುವಾಗ ಆಂಬೂರಿನಲ್ಲಿ ಬಿರಿಯಾನಿಗೆ ಗಾಡಿ ನಿಲ್ಲಿಸಿದ. ಬಿಲ್ ಬಂದಾಗ ಅದನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, "ಡಬ್ಬಿಗಿಂತ ಕಮ್ಮೀನೇ ಇದೆ ಭಾವ" ಅಂದ.