ಭರಣಿ ಮಳೆಯ ಮಿಂಚು: ಸ್ಟಿಲ್ ಕ್ಯಾಮೆರಾ, ಟ್ರಿಗರ್, ವಿಡಿಯೊ, ಮೊಬೈಲ್

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ನನಗೆ ಆ ಎರಡು ವಾರ ಮಿಂಚಿನ ಸುಗ್ಗಿ. ಏಪ್ರಿಲ್ ಕೊನೆಗೆ ಧಾರವಾಡದಲ್ಲಿ ಮಧ್ಯಾಹ್ನವೆಲ್ಲ ಧಗೆ, ಸಂಜೆಗೆ ಗೋಪುರದಂಥ ಮೋಡ, ಕತ್ತಲಾದ ಮೇಲೂ ಹೊಳೆಯುತ್ತಲೇ ಇರುವ ದಿಗಂತ. ಎರಡು ಬೇಸಿಗೆ, ಮೊದಲು ಮಾಳಿಗೆಯಿಂದ, ಆಮೇಲೆ ಹಿತ್ತಲ ಕಡೆಯ ಕಿಟಕಿಯಿಂದ, ನಾಲ್ಕು ಬಗೆಯಲ್ಲಿ ಮಿಂಚು ಹಿಡಿಯಲು ನೋಡಿದೆ.

ರಾತ್ರಿಯಾದರೆ ಸ್ಟಿಲ್ ಕ್ಯಾಮೆರಾಕ್ಕೆ ಸಾಟಿಯಿಲ್ಲ. ನನ್ನದು ಹಳೆಯ ಡಿಎಸ್‌ಎಲ್‌ಆರ್, ಒಳಗೆ ಕನ್ನಡಿ ಇರುವ ಕ್ಯಾಮೆರಾ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್/8, ಶಟರ್ ತೆರೆದಿರುವುದು 15 ಸೆಕೆಂಡು. ಕೇಬಲ್ ರಿಲೀಸ್, ಅಂದರೆ ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿಯ ಗುಂಡಿ, ಒತ್ತಿ ಲಾಕ್ ಮಾಡಿಟ್ಟರೆ ಒಂದರ ಬೆನ್ನಿಗೊಂದು ಚಿತ್ರ ಬರುತ್ತಿರುತ್ತದೆ. ಮಿಂಚು ಕಂಡ ಮೇಲೆ ಗುಂಡಿ ಒತ್ತುವ ಮಾತೇ ಇಲ್ಲ, ತೆರೆದ ಶಟರ್ ಮುಂದೆ ಅದೇ ಬಂದು ಗೆರೆ ಎಳೆದು ಹೋಗುತ್ತದೆ. ಮೊದಲ ವರ್ಷ ಗೆರೆ ತೀರಾ ಬೆಳ್ಳಗೆ ಬಂತೆಂದು ಶಟರ್ ಸಮಯ ಇಳಿಸುತ್ತಾ ಹೋದೆ. ಗೆರೆ ಹಾಗೆಯೇ ಉಳಿಯಿತು, ಊರಿನ ದೀಪಗಳು ಮಾತ್ರ ಕಪ್ಪಾದವು. ಒಂದೊಂದು ಹೊಡೆತವೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತು ಉಗ್ರವಾಗಿ ಬೆಳಗಿ ಮುಗಿಯುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದಕ್ಕೆ ಲೆಕ್ಕವಿಲ್ಲ. ಅದರ ಬೆಳಕನ್ನು ತಗ್ಗಿಸುವುದು ಅಪರ್ಚರ್ ಮತ್ತು ಐಎಸ್‌ಒ. ಈಗ ದೂರದ ಮಿಂಚಿಗೆ ಎಫ್/5.6, ಹತ್ತಿರ ಬಂದರೆ ಎಫ್/11. ದೂರದ ಟವರಿನ ಕೆಂಪು ದೀಪಕ್ಕೆ ಫೋಕಸ್ ಮಾಡಿ ಮ್ಯಾನ್ಯುವಲ್‌ಗೆ ಹಾಕುತ್ತೇನೆ. ಚಿತ್ರದ ಕಾಳು ಕಾಳು ತೆಗೆಯುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲೇಬೇಕು. ಇಲ್ಲವಾದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಇನ್ನೂ 15 ಸೆಕೆಂಡು ಸುಮ್ಮನೆ ಕೂರುತ್ತದೆ, ಒಳ್ಳೆಯ ಮಿಂಚು ಆಗಲೇ ಹೊಡೆಯುತ್ತದೆ.

ಹಗಲಿಗೆ ಈ ಉಪಾಯ ನಡೆಯದು, 15 ಸೆಕೆಂಡಿಗೆ ಆಕಾಶವೇ ಬಿಳಿ ಹಾಳೆ. ಅದಕ್ಕೆಂದೇ ಬೆಳಕು ಕಂಡೊಡನೆ ಶಟರ್ ಹೊಡೆಯುವ ಲೈಟ್ನಿಂಗ್ ಟ್ರಿಗರ್ ಕೊಂಡೆ. ಮಿಂಚು ಸಿಕ್ಕಿತು, ಆದರೆ ಕೊಂಬೆಗಳಿಲ್ಲದ ಬೋಳು ಮಿಂಚು. ಟ್ರಿಗರ್ ಎಷ್ಟೇ ಚುರುಕಾಗಿದ್ದರೂ ಕ್ಯಾಮೆರಾ ಕನ್ನಡಿ ಎತ್ತಿ ಶಟರ್ ತೆರೆಯುವಷ್ಟರಲ್ಲಿ ಮೊದಲ ಹೊಡೆತ ಮುಗಿದಿರುತ್ತದೆ. ಕವಲೊಡೆದು ಬರುವುದು ಹೆಚ್ಚಾಗಿ ಆ ಮೊದಲನೆಯದೇ. ಆಮೇಲಿನವು ಅದೇ ದಾರಿಯಲ್ಲಿ ನೇರ ಇಳಿಯುತ್ತವೆ. ಒಂದೇ ಹೊಡೆತದ ಸಿಡಿಲಾದರೆ ಬರಿ ಮೋಡವೇ ಗತಿ. ಅಷ್ಟು ದುಡ್ಡಿಗೆ ನನಗೆ ಸಮಾಧಾನವಾಗಲಿಲ್ಲ.

ಹಗಲಲ್ಲಿ ಕೈ ಹಿಡಿದದ್ದು ವಿಡಿಯೊ. 4ಕೆ ಇಟ್ಟು ಅರ್ಧ ಗಂಟೆ ಓಡಿಸಿ, ಆಮೇಲೆ ಮಿಂಚಿದ್ದ ಫ್ರೇಮ್ ಆರಿಸುವುದು. ಚಿತ್ರ 8 ಮೆಗಾಪಿಕ್ಸೆಲ್ ಮಾತ್ರ, ಗೋಡೆಗೆ ದೊಡ್ಡದಾಗಿ ಹಾಕಲು ಸಾಲದು. ಸೆಕೆಂಡಿಗೆ 25 ಫ್ರೇಮ್ ಇದ್ದಾಗ ಶಟರ್ 1/50 ಇಟ್ಟರೆ ಅರ್ಧ ಹೊತ್ತು ಕಣ್ಣು ಮುಚ್ಚಿದಂತೆಯೇ. ಹಾಗಾಗಿ 1/25 ಇಟ್ಟು, ಹಗಲಿಗೆ ಬೆಳಕು ತಗ್ಗಿಸುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್, ಹಾಕುತ್ತೇನೆ. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಎಷ್ಟೋ ಸಲ ಮಿಂಚಿನ ತಲೆ ಒಂದು ಫ್ರೇಮಿನಲ್ಲಿ, ಕಾಲು ಇನ್ನೊಂದರಲ್ಲಿ. ಮೊದಮೊದಲು ಅಂಥವನ್ನು ಅಳಿಸಿಬಿಡುತ್ತಿದ್ದೆ, ಈಗಲೂ ಹೊಟ್ಟೆ ಉರಿಯುತ್ತದೆ. 1/25ರಲ್ಲಿ ತೆಗೆದ ಎರಡೂ ಫ್ರೇಮನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ‘ಲೈಟನ್’ ಮಾಡಿದರೆ, ಅಂದರೆ ಎರಡರಲ್ಲಿ ಹೆಚ್ಚು ಬೆಳಗಿದ್ದನ್ನಷ್ಟೇ ಉಳಿಸಿಕೊಂಡರೆ, ಇಡೀ ಮಿಂಚು ಕೂಡಿಕೊಳ್ಳುತ್ತದೆ.

ಮೊಬೈಲಿನ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್, ಚಿತ್ರಕ್ಕೆಂದು ನೋಡಿದರೆ ಕಳಪೆ: ಮಸುಕು, ಕಾಳು ಕಾಳು. ಆದರೆ ಮಿಂಚು ಹುಟ್ಟುವುದನ್ನು ಕಂಡದ್ದು ಅದರಲ್ಲೇ. ಮೋಡದಿಂದ ಮಂಕು ಬೇರುಗಳು ನಾಲ್ಕೈದು ಫ್ರೇಮ್ ತಡವರಿಸಿ ಇಳಿದವು. ಒಂದು ನೆಲ ಮುಟ್ಟಿದ್ದೇ ತಡ, ಉಳಿದವು ಆರಿ ಅದೊಂದೇ ಧಗ್ಗೆಂದಿತು. ಹತ್ತು ಹನ್ನೆರಡು ಫ್ರೇಮ್ ಕತ್ತಲೆ, ಮತ್ತೆ ಅದೇ ದಾರಿಯಲ್ಲಿ ಬೆಳಕು. ಹೀಗೆ ನಾಲ್ಕು ಬಾರಿ. ಬರಿಗಣ್ಣಿಗೆ ಪಟಪಟ ಮಿಟುಕಿದಂತೆ ಕಾಣುವುದು ಇದೇ. ಆ ರಾತ್ರಿ ಎಷ್ಟು ಸಲ ತಿರುಗಿಸಿ ನೋಡಿದೆನೋ.

ಹೊಸಬರು ಕೇಳಿದರೆ, ಟ್ರಿಗರಿನ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ಮತ್ತು ಕೇಬಲ್ ರಿಲೀಸ್ ತಗೊಳ್ಳಿ ಅನ್ನುತ್ತೇನೆ. ನಾನಂತೂ ಈಗ ಡಿಎಸ್‌ಎಲ್‌ಆರ್ ಪಕ್ಕದಲ್ಲೇ ಮೊಬೈಲನ್ನೂ ನಿಲ್ಲಿಸುತ್ತೇನೆ.

ಮೊದಲ ವರ್ಷ ಟ್ರೈಪಾಡ್ ಮಾಳಿಗೆಯ ಮೇಲಿತ್ತು. “ಆ ಕಬ್ಬಿಣದ ಕಾಲ ತಗೊಂಡ ಒಳಗ ಬಾರೋ, ಸಿಡ್ಲ ಯಾರ್ ಮಾತೂ ಕೇಳಂಗಿಲ್ಲ” ಎಂದು ಅವ್ವ ಮೆಟ್ಟಿಲಲ್ಲೇ ನಿಂತು ಕೂಗಿದಳು. ಅವಳ ಮಾತು ಸರಿಯಿತ್ತು. ಈಗ ಮೊಬೈಲಿನಲ್ಲಿ ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಇದೆ, ಜೊತೆಗೆ ನನ್ನ ಎಣಿಕೆ: ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ 30ಕ್ಕಿಂತ ಕೆಳಗಿಳಿದರೆ ಕಿಟಕಿಯ ಗಾಜು ಮುಚ್ಚಿ, ಕೋಣೆಯ ದೀಪ ಆರಿಸಿ, ಸರಳುಗಳಿಂದ ದೂರ ಒಳಗೋಡೆಯ ಕಡೆಗೆ ಟ್ರೈಪಾಡ್ ಸರಿಸಿಕೊಳ್ಳುತ್ತೇನೆ.