ಅಗ್ಗದ ರಿಲೀಫ್ ಪಿಚರ್: ಚೋಟ್, ಲೋಪೆಜ್, ಝೀಗ್ಲರ್, ಓಡೇ ನಾಲ್ವರನ್ನೂ ಆಡಿಸಿ ನೋಡಿದ ಮೇಲೆ

ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಭಾವನ ಮನೆಗೆ ಹೋದರೆ ಹೊರಗೆ ಕಾಲಿಡೋ ಹಾಗಿರಲ್ಲ, ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲ. ಹಾಗಾಗಿ ಎರಡು ಮಳೆಗಾಲದಿಂದ ಜಗಲಿಯಲ್ಲಿ ಕೂತು ದಾಳ ಮತ್ತು ಕಾರ್ಡಿನ ಬೇಸ್‌ಬಾಲ್ ಆಡುತ್ತಿದ್ದೇವೆ. ಆಟದ ಹೆಸರು ಸ್ಟ್ರಾಟ್-ಓ-ಮ್ಯಾಟಿಕ್, ಹಾಲ್ ರಿಚ್‌ಮನ್ ಅನ್ನುವವರು 1961ರಲ್ಲಿ ಮಾರುಕಟ್ಟೆಗೆ ತಂದದ್ದು. ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ 2010ರ ಸೀಸನ್ನಿನ ಕಾರ್ಡುಗಳನ್ನು ತಂದುಕೊಟ್ಟ, ಆ ವರ್ಷ ನಿಜವಾಗಿ ಆಡಿದ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು. ನಾಲ್ಕು ತಂಡ: ನಾನು, ಭಾವ, ಅಕ್ಕನ ಮಗ, ಪಕ್ಕದ ಮನೆ ಮೇಷ್ಟ್ರು. ತಲಾ ನೂರು ಪಾಯಿಂಟ್, ಹರಾಜಿನಲ್ಲಿ ಇಪ್ಪತ್ತೈದು ಆಟಗಾರರನ್ನು ಕೊಳ್ಳಬೇಕು.

ನೂರು ಪಾಯಿಂಟ್ ಕೇಳೋಕೆ ಜಾಸ್ತಿ ಅನ್ನಿಸುತ್ತದೆ. ಆದರೆ ಪಂದ್ಯದ ಕೊನೆಗೆ ಬರುವ ಹೆಸರಾಂತ ಪಿಚರ್ (ಚೆಂಡು ಎಸೆಯುವವನು) ಮರಿಯಾನೊ ರಿವೇರಾ ಒಬ್ಬನನ್ನು ಕೊಂಡರೆ ಹನ್ನೊಂದು ಅಲ್ಲೇ ಹೋಯಿತು. ಅದಕ್ಕೇ ನಾನು ಮೊದಲಿಂದಲೂ ಕೊನೆಯ ಇನ್ನಿಂಗ್ಸ್‌ಗಳಿಗೆ ಅಗ್ಗದ ರಿಲೀಫ್ ಪಿಚರ್‌ಗಳನ್ನೇ, ಅಂದರೆ ಮೊದಲು ಎಸೆದವನ ಬದಲಿಗೆ ನಡುವೆ ಬರುವವರನ್ನೇ, ಹುಡುಕಿದೆ. ಒಂದೇ ಕೆಲಸ ಬರುವವರು, ಆದರೆ ಆ ಒಂದನ್ನು ಚೆನ್ನಾಗಿ ಮಾಡುವವರು.

ಕ್ರಿಕೆಟ್ ನೋಡುವವರಿಗೆ ಎರಡು ವಿಷಯ ಹೇಳಬೇಕು. ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಮೂರು ಔಟ್ ಆದರೆ ಒಂದು ತಂಡದ ಆ ಇನ್ನಿಂಗ್ಸ್ ಮುಗಿಯಿತು. ಬೇಸ್‌ಬಾಲಿನಲ್ಲಿ ಪಿಚರನ್ನು ಒಮ್ಮೆ ಹೊರಗೆ ಕರೆದರೆ ಆ ಪಂದ್ಯಕ್ಕೆ ಅವನು ಮತ್ತೆ ಬರುವ ಹಾಗಿಲ್ಲ. ಒಂದು ಓವರ್ ಹಾಕಿಸಿ, ಬೌಂಡರಿಗೆ ಕಳಿಸಿ, ಹದಿನೆಂಟನೇ ಓವರಿಗೆ ಮತ್ತೆ ಕರೆಯೋದು ಇಲ್ಲಿ ಆಗದು. ಒಬ್ಬ ಎಡಗೈ ಬ್ಯಾಟರ್‌ಗೋಸ್ಕರ ಒಬ್ಬ ಎಡಗೈ ಪಿಚರನ್ನು ತಂದರೆ, ಅವನು ಖರ್ಚಾದ ಅಂತಲೇ ಲೆಕ್ಕ.

ಆಟ ನಡೆಯೋದು ಮೂರು ದಾಳದಲ್ಲಿ. ಒಂದು ದಾಳ ಯಾವ ಕಾರ್ಡು ನೋಡಬೇಕು ಅಂತ ಹೇಳುತ್ತದೆ: ಒಂದರಿಂದ ಮೂರು ಬಿದ್ದರೆ ಬ್ಯಾಟರ್ ಕಾರ್ಡು, ನಾಲ್ಕರಿಂದ ಆರು ಬಿದ್ದರೆ ಪಿಚರ್ ಕಾರ್ಡು. ಉಳಿದೆರಡನ್ನು ಕೂಡಿಸಿ ಸಾಲು ಓದಬೇಕು. ಅಂದರೆ ಪಿಚರ್ ಎಷ್ಟೇ ಒಳ್ಳೆಯವನಾದರೂ ಅರ್ಧ ಸಲ ಅವನ ಕಾರ್ಡಿಗೆ ಪಾಳಿಯೇ ಬರಲ್ಲ. ಇನ್ನೊಂದು, ಕಾರ್ಡಿನ ಅಡ್ವಾನ್ಸ್‌ಡ್ ಬದಿಯಲ್ಲಿ ಆಡಿದರೆ ಮಾತ್ರ ಎಡಗೈಯವರಿಗೆ ಬೇರೆ, ಬಲಗೈಯವರಿಗೆ ಬೇರೆ ಅಂಕಣ ಇರುತ್ತದೆ. ಬೇಸಿಕ್ ಬದಿಯಲ್ಲಿ ಆಡುವವರು ಈ ಸ್ಪೆಷಲಿಸ್ಟ್‌ಗಳಿಗೆ ಒಂದು ಪಾಯಿಂಟೂ ಸುರಿಯಬೇಡಿ, ಸುಮ್ನೆ ದಂಡ.

ಮೊದಲ ವರ್ಷ ನನ್ನ ಹತ್ತಿರ ರ‍್ಯಾಂಡಿ ಚೋಟ್ ಮತ್ತು ಬ್ರಾಡ್ ಝೀಗ್ಲರ್ ಇದ್ದರು.

ಚೋಟ್ ಸಿಕ್ಕಿದ್ದು ಒಂದೇ ಪಾಯಿಂಟಿಗೆ. 2010ರಲ್ಲಿ ಟ್ಯಾಂಪಾ ಬೇ ರೇಸ್ ತಂಡಕ್ಕೆ 85 ಪಂದ್ಯ ಆಡಿ, ಬರೀ 44 ಚಿಲ್ಲರೆ ಇನ್ನಿಂಗ್ಸ್ ಎಸೆದವನು. ಆ ಎರಡು ಅಂಕಿಯಲ್ಲೇ ಅವನ ಕೆಲಸ ಏನಂತ ಗೊತ್ತಾಗುತ್ತದೆ, ಅಲ್ವಾ? ತೋಳು ತಗ್ಗಿಸಿ ಪಕ್ಕದಿಂದ ಎಸೆಯುತ್ತಾನೆ. ಎಡಗೈ ಬ್ಯಾಟರ್‌ಗೆ ಆ ಚೆಂಡು ತನ್ನ ಬೆನ್ನ ಹಿಂದಿನಿಂದ ಬಂದ ಹಾಗೆ ಕಾಣುತ್ತದೆ, ಬಲಗೈಯವನಿಗೆ ಅದೇ ಚೆಂಡು ಕೈಬಿಟ್ಟ ಕ್ಷಣದಿಂದ ಪೂರ್ತಿ ಕಾಣುತ್ತದೆ. ನಾನು ಅಡಿಕೆ ಲೆಕ್ಕದ ಹಳೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರತಿ ಬ್ಯಾಟರ್‌ನ ಲೆಕ್ಕ ಬರೆದಿಟ್ಟಿದ್ದೇನೆ. ಚೋಟ್ ಎದುರು ಎಡಗೈಯವರು ನಲವತ್ತೊಂದು ಸಲ ಬಂದು ಎಂಟು ಹಿಟ್ ಹೊಡೆದರು. ಬಲಗೈಯವರು ಹದಿನೈದೇ ಸಲ ಬಂದು ಏಳು. ಭಾವನ ತಂಡದಲ್ಲಿ ಜೋಶ್ ಹ್ಯಾಮಿಲ್ಟನ್, ಜೋಯಿ ವಾಟೊ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಇಬ್ಬರೂ ಎಡಗೈ, ಇಬ್ಬರೂ ಆ ವರ್ಷ ತಮ್ಮ ತಮ್ಮ ಲೀಗಿನ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ. ಆ ಜೋಡಿ ಎದುರು ಚೋಟ್ ಬಂದರೆ ಭಾವನಿಗೆ ತಲೆಬಿಸಿ. ಆದರೆ ಮೇಷ್ಟ್ರ ತಂಡದ ಎದುರು ಅವನು ಬೆಂಚಿನಲ್ಲೇ ಕೂತಿರುತ್ತಿದ್ದ. ಅವರ ಹತ್ತಿರ ಆಲ್ಬರ್ಟ್ ಪೂಜೋಲ್ಸ್ ಇದ್ದಾನೆ, ಆ ವರ್ಷ 54 ಹೋಮ್ ರನ್ ಹೊಡೆದ ಹೋಸೆ ಬಟಿಸ್ಟಾ ಇದ್ದಾನೆ, ಎರಡೂ ಕೈಯಲ್ಲಿ ಆಡುವ ಮಾರ್ಕ್ ಟೆಶೆರಾ ಇದ್ದಾನೆ. ನೀವು ಎಡಗೈ ಪಿಚರನ್ನು ತಂದರೆ ಟೆಶೆರಾ ಆಚೆ ಬದಿಗೆ ಹೋಗಿ ಬಲಗೈಯಲ್ಲಿ ನಿಲ್ಲುತ್ತಾನೆ, ಅಷ್ಟೇ.

ಝೀಗ್ಲರ್ ಎರಡು ಪಾಯಿಂಟು. ಬಲಗೈ, ಕೈ ನೆಲದ ಹತ್ತಿರ ಬರುವ ಹಾಗೆ ಬಗ್ಗಿ ಎಸೆಯುವವನು. 2008ರಲ್ಲಿ ಓಕ್ಲೆಂಡ್‌ಗೆ ಬಂದಾಗ ಮೊದಲ 39 ಇನ್ನಿಂಗ್ಸ್ ಒಂದು ರನ್ನೂ ಕೊಟ್ಟಿರಲಿಲ್ಲ. ಅವನ ಚೆಂಡು ಹೊಡೆದರೆ ನೆಲದ ಮೇಲೇ ಉರುಳುತ್ತದೆ. ಮೊದಲ ಬೇಸಿನಲ್ಲಿ ಎದುರಾಳಿ ಓಟಗಾರ ಇದ್ದಾಗ ಕಾರ್ಡಿನಲ್ಲಿ 'ಎ' ಗುರುತಿನ ಗ್ರೌಂಡ್‌ಬಾಲ್ ಬಿದ್ದರೆ ಡಬಲ್ ಪ್ಲೇ, ಎರಡು ಔಟ್ ಒಟ್ಟಿಗೆ. ಆ ಖುಷಿ ನೋಡಿಯೇ ನಾನು ಅವನನ್ನು ಕೊಂಡದ್ದು. ಆದರೆ ಕೆಲವು ಸಾಲುಗಳಲ್ಲಿ ಫಲಿತಾಂಶ ಫೀಲ್ಡರ್‌ನ ರೇಟಿಂಗ್ ಮೇಲೆ ನಿಲ್ಲುತ್ತದೆ, ಅದನ್ನು ಆವಾಗ ನಾನು ಗಮನಿಸಿರಲಿಲ್ಲ. ಶಾರ್ಟ್‌ಸ್ಟಾಪ್ ಜಾಗಕ್ಕೆ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್) ಅಗ್ಗದ ಒಬ್ಬನನ್ನು ಹಾಕಿದ್ದೆ. ಝೀಗ್ಲರ್ ಸರಿಯಾಗೇ ಎಸೆದ, ಚೆಂಡು ಫೀಲ್ಡರ್ ಕೈಯಿಂದ ತಪ್ಪಿ ತಪ್ಪಿ ಹೋಯಿತು. ಹಾಗಾಗಿ ಅವನ ಬೆಲೆ ಎರಡು ಅಂತ ಹೇಳಬೇಡಿ, ಒಳ್ಳೇ ಶಾರ್ಟ್‌ಸ್ಟಾಪಿನ ಬೆಲೆಯನ್ನೂ ಸೇರಿಸಿ ನೋಡಿ.

ಎರಡನೇ ವರ್ಷ ಹಾವಿಯರ್ ಲೋಪೆಜ್ ಎರಡು ಪಾಯಿಂಟಿಗೆ, ಡ್ಯಾರೆನ್ ಓಡೇ ನಾಲ್ಕಕ್ಕೆ. ಓಡೇ ಬಗ್ಗೆ ಹೇಳೋದು ಸ್ವಲ್ಪವೇ: 2010ರಲ್ಲಿ ಟೆಕ್ಸಸ್‌ಗೆ 72 ಪಂದ್ಯ, 62 ಇನ್ನಿಂಗ್ಸ್, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 2.03 ರನ್. ಇವನೂ ಬಲಗೈ, ಕೆಳಗಿನಿಂದಲೇ ಎಸೆಯೋದು. ಬಟಿಸ್ಟಾ, ಪೂಜೋಲ್ಸ್ ಎದುರು ಯಾವ ಯೋಚನೆಯೂ ಇಲ್ಲದೆ ತಂದೆ, ನಡುವೆ ಎಡಗೈಯವನು ಬಂದರೂ ತೆಗೆಯಲಿಲ್ಲ. ನಾಲ್ಕು ಪಾಯಿಂಟ್ ಕೊಟ್ಟದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ನಿಜವಾದ ಹೋಲಿಕೆ ಇರೋದು ಲೋಪೆಜ್ ಮತ್ತು ಚೋಟ್ ನಡುವೆ. ಲೋಪೆಜ್ ಕೂಡ ಎಡಗೈ, ಪಕ್ಕದಿಂದ ಎಸೆಯುವವನು. 2010ರ ನಡುವೆ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ, ಫಿಲಡೆಲ್ಫಿಯಾದ ಎಡಗೈ ಜೋಡಿ ಚೇಸ್ ಅಟ್ಲಿ, ರಯಾನ್ ಹೋವರ್ಡ್ ಎದುರು ಅವನನ್ನೇ ಇಳಿಸಿದರು, ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ತಂಡ ವರ್ಲ್ಡ್ ಸೀರೀಸ್, ಅಂದರೆ ಸೀಸನ್ನಿನ ಫೈನಲ್, ಗೆದ್ದಿತು. ನನ್ನ ಪುಸ್ತಕದಲ್ಲಿ ಎಡಗೈಯವರ ಎದುರು ಇಬ್ಬರದ್ದೂ ಹೆಚ್ಚೂಕಮ್ಮಿ ಒಂದೇ ಲೆಕ್ಕ. ವ್ಯತ್ಯಾಸ ಗೊತ್ತಾಗಿದ್ದು ಭಾವ ಬಲಗೈ ಬದಲಿ ಬ್ಯಾಟರನ್ನು ಇಳಿಸಿದಾಗ. ಚೋಟ್ ಇದ್ದಾಗ ಅಲ್ಲಿಗೆ ಇನ್ನಿಂಗ್ಸ್ ಹಾಳಾಗುತ್ತಿತ್ತು, ಲೋಪೆಜ್ ಹೇಗೋ ದಾಟಿಸುತ್ತಿದ್ದ. ಹಿಟ್ ಕೊಟ್ಟರೂ ಅದು ಸಿಂಗಲ್ ಆಗಿರುತ್ತಿತ್ತು.

ಸೀಸನ್ ನಡುವೆ ಅಕ್ಕನ ಮಗ ಒಂದು ಮಾತು ತೆಗೆದ. ಅಮೆರಿಕದಲ್ಲಿ 2020ರಿಂದ ಪಿಚರ್ ಬಂದರೆ ಕನಿಷ್ಠ ಮೂರು ಬ್ಯಾಟರ್‌ಗೆ ಎಸೆಯಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಯುವ ತನಕ ಇರಬೇಕು, ನಾವೂ ಹಾಗೇ ಆಡೋಣ ಮಾವ ಅಂದ. ಎಲ್ಲರೂ ಒಪ್ಪಿದರು. ನಾನು ಬದಲಿ ಕ್ಯಾಚರ್ ಒಬ್ಬನನ್ನು ಅವನಿಗೆ ಕೊಟ್ಟು ಚೋಟ್‌ನನ್ನು ವಾಪಸು ತಂದೆ, ಈ ನಿಯಮದಲ್ಲಿ ನೋಡೇಬಿಡೋಣ ಅಂತ. ಆರು ಪಂದ್ಯದಲ್ಲಿ ಎರಡನ್ನು ಅವನ ಕೈಯಲ್ಲೇ ಕಳೆದುಕೊಂಡೆ. ವಾಟೊನನ್ನು ಔಟ್ ಮಾಡುತ್ತಾನೆ, ಆಮೇಲೆ ಇಬ್ಬರು ಬಲಗೈಯವರು, ತೆಗೆಯೋಕಾಗಲ್ಲ. ಕೊನೆಗೆ ಒಂದು ದಾರಿ ಸಿಕ್ಕಿತು: ಎರಡು ಔಟ್ ಆದ ಮೇಲೆ ಮಾತ್ರ ಅವನನ್ನು ಕರೆಯೋದು. ಒಬ್ಬನನ್ನು ಔಟ್ ಮಾಡಿದರೆ ಇನ್ನಿಂಗ್ಸ್ ಮುಗಿಯಿತು, ನಿಯಮವೂ ಮುಗಿಯಿತು. ಆದರೆ ಅಂಥ ಸಂದರ್ಭ ಪ್ರತಿ ಪಂದ್ಯದಲ್ಲಿ ಬರುವುದಿಲ್ಲ.

ಈ ಸಲ ಆರಿದ್ರಾ ಮಳೆ ಹಿಡಿದ ಕೂಡಲೇ ಹರಾಜು, ಮೂರು ಬ್ಯಾಟರ್ ನಿಯಮ ಪೂರ್ತಿ ಸೀಸನ್ನಿಗೆ. ಓಡೇಗೆ ಐದರ ತನಕ ಕೂಗುತ್ತೇನೆ. ಝೀಗ್ಲರ್ ಬೇಕಾದರೆ ಮೊದಲು ಶಾರ್ಟ್‌ಸ್ಟಾಪ್ ಕೊಂಡು ಆಮೇಲೆ ನೋಡುತ್ತೇನೆ. ಲೋಪೆಜ್ ಎಷ್ಟು ಉಪಯೋಗ ಅಂತ ಭಾವನಿಗೂ ಈಗ ಗೊತ್ತಾಗಿದೆ, ಅವರು ಮೂರಕ್ಕೆ ಏರಿಸಿದರೂ ನಾನು ಬಿಡುವುದಿಲ್ಲ. ನಾಲ್ಕಕ್ಕೆ ಹೋದರೆ ಅವರೇ ಇಟ್ಟುಕೊಳ್ಳಲಿ, ಎರಡು ಔಟ್ ಆದ ಮೇಲೆ ಕರೆಯೋಕೆ ನನಗೆ ಒಂದು ಪಾಯಿಂಟಿನ ಚೋಟ್ ಸಾಕು.