ನಾಯಿ ತಿಂಡಿಗೆ ಡಿಹೈಡ್ರೇಟರ್: 16 ತಿಂಗಳು ಬಳಸಿದ ಮೇಲೆ

ನಮ್ಮ ಕೆಂಚ ಬೀದಿಯಿಂದ ಬಂದು ಮನೆ ಸೇರಿದವನು. ಆರು ವರ್ಷ, 14 ಕೆಜಿ. ಅವನ ತಿಂಡಿಗೋಸ್ಕರ ಕಳೆದ ವರ್ಷ ಮಾರ್ಚಲ್ಲಿ ಐದು ತಟ್ಟೆಯ ಡಿಹೈಡ್ರೇಟರ್ ಒಂದನ್ನು ತಂದೆ. 5,400 ರೂಪಾಯಿ. "ನಾಯಿಗೆ ಒಣಗಿಸ್ಲಿಕ್ಕೆ ಮಿಶನ್ನಾ? ಬಿಸಿಲು ಇಲ್ವಾ ನಿಂಗೆ?" ಅಂತ ಅಮ್ಮ ಕೇಳಿದರು. ಉಡುಪಿಯ ಮಾರ್ಚಲ್ಲಿ ನ್ಯಾಯವಾದ ಪ್ರಶ್ನೆಯೇ. ಜೂನ್ ಬಂದ ಮೇಲೆ ಮತ್ತೆ ಕೇಳಲಿಲ್ಲ.

ಅದಕ್ಕೂ ಮೊದಲು ಪ್ಯಾಕೆಟ್ಟಿನ ಚಿಕನ್ ಸ್ಟಿಕ್ ಕೊಡುತ್ತಿದ್ದೆ. ಒಂದು ದಿನ ಸುಮ್ನೆ ಹಿಂದಿನ ಅಕ್ಷರ ಓದಿದೆ. ಕೋಳಿಗಿಂತ ಮೊದಲು ಹಿಟ್ಟು, ಆಮೇಲೆ ಗ್ಲಿಸರಿನ್, ಸಕ್ಕರೆ, ಬಣ್ಣ. ನಾಯಿಗೆ ಬಣ್ಣ ಯಾಕೆ? ಅದು ನಮ್ಮ ಕಣ್ಣಿಗೆ ಹಾಕಿದ್ದು, ಅಲ್ವಾ. ಅಮೆರಿಕದಲ್ಲಿ 2007ರಿಂದ, ಒಣಮಾಂಸದ ತಿಂಡಿ ತಿಂದು ನಾಯಿಗಳು ಕಾಯಿಲೆ ಬೀಳುತ್ತಿವೆ ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಸಾವಿರಾರು ದೂರು ಹೋದವು. ವರ್ಷಗಟ್ಟಲೆ ತನಿಖೆ ಮಾಡಿದರೂ ಖಚಿತ ಕಾರಣ ಸಿಗಲಿಲ್ಲ ಎಂಬುದನ್ನೂ ಆಗಲೇ ಓದಿದ್ದೆ. ಎಲ್ಲ ಪ್ಯಾಕೆಟ್ಟೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಳಗೆ ಏನಿದೆ ಅಂತ ನನಗೆ ಗೊತ್ತಿರಬೇಕು, ಅಷ್ಟೆ.

ಮೊದಲ ತಪ್ಪು ಮೊದಲ ವಾರದಲ್ಲೇ ಮಾಡಿದೆ. ಹಸಿ ಕೋಳಿಯನ್ನು ಹಾಗೇ ತಟ್ಟೆಗೆ ಹರಡಿ 70 ಡಿಗ್ರಿಗೆ ಇಟ್ಟೆ. ಪುಣ್ಯಕ್ಕೆ ಕೆಂಚನಿಗೆ ಏನೂ ಆಗಲಿಲ್ಲ. ಆದರೆ ಆ ಕ್ರಮ ಸರಿಯಲ್ಲ. ಒಳಗಿನ ಗಾಳಿ 70 ಡಿಗ್ರಿ ಇದ್ದರೂ ನೀರು ಆವಿಯಾಗುವಾಗ ಮಾಂಸ ಅಷ್ಟು ಬಿಸಿಯಾಗುವುದಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯದೆ, ಒಣಗಿ ಗಟ್ಟಿಯಾಗಿ ಕೂತುಬಿಡಬಹುದು. ಕೋಳಿಯ ನಡುಭಾಗ ಮೊದಲು 74 ಡಿಗ್ರಿ ಮುಟ್ಟಬೇಕು, ಒಣಗಿಸುವುದು ಆಮೇಲೆ. ಈಗ ಎದೆಯ ಮಾಂಸವನ್ನು ಫ್ರೀಜರಲ್ಲಿ ಒಂದು ಗಂಟೆ ಇಟ್ಟು, ಸ್ವಲ್ಪ ಗಟ್ಟಿಯಾದ ಮೇಲೆ ತೆಳ್ಳಗೆ ಕೊಯ್ಯುತ್ತೇನೆ. ಇಡ್ಲಿ ಪಾತ್ರೆಯ ಹಬೆಯಲ್ಲಿ ಪೂರ್ತಿ ಬೇಯಿಸುತ್ತೇನೆ. ನಂತರ ಎಂಟು ಗಂಟೆ ಮಿಶನ್ನಲ್ಲಿ. ಮುರಿದರೆ ಟಕ್ ಅನ್ನಬೇಕು, ಬಗ್ಗಿದರೆ ಆಗಲಿಲ್ಲ. ಉಪ್ಪು, ಅರಶಿನ, ಬೆಳ್ಳುಳ್ಳಿ ಏನೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತವೆ. ಹಾಗಾಗಿ ನಮ್ಮ ಚಿಕನ್ ಸುಕ್ಕದ ಪಾತ್ರೆಗೂ ಕೆಂಚನ ಪಾತ್ರೆಗೂ ಸಂಬಂಧವೇ ಇಲ್ಲ.

ಎರಡನೇ ತಪ್ಪು ಐದು ತಿಂಗಳಾದ ಮೇಲೆ ಗೊತ್ತಾಯಿತು. ಲಸಿಕೆಗೆ ಕರೆದುಕೊಂಡು ಹೋದಾಗ ತೂಕ 16 ಕೆಜಿ! "ಏನು ಹಾಕ್ತೀರಿ ಇವನಿಗೆ?" ಅಂದರು ಡಾಕ್ಟ್ರು. ನಾನು ಹೆಮ್ಮೆಯಿಂದ ಮನೆಯಲ್ಲೇ ಮಾಡಿದ ತಿಂಡಿ ಅಂದೆ. ಅವರು ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೊಟ್ಟರು. 14 ಕೆಜಿಯ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕು. ತಿಂಡಿ ಅದರಲ್ಲಿ ಶೇ 10 ದಾಟಬಾರದು, ಅಂದರೆ 80 ಕ್ಯಾಲೊರಿ. ಒಂದು ಕಿಲೋ ಕೋಳಿ ಒಣಗಿದಾಗ 280 ಗ್ರಾಂ ಆಗುತ್ತದೆ. ಹೋದದ್ದು ನೀರು ಮಾತ್ರ, ಕ್ಯಾಲೊರಿ ಎಲ್ಲ ಒಳಗೇ ಇದೆ. ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ ಕೂಡ ಜಾಸ್ತಿ. ನಾನು ಕೈಗೆ ಸಿಕ್ಕಷ್ಟು ಕೊಡುತ್ತಿದ್ದೆ. ಒಣಗಿದ ಚೂರು ನೋಡಲಿಕ್ಕೆ ಏನೂ ಇಲ್ಲದ ಹಾಗೆ ಕಾಣುತ್ತದೆ, ಅಲ್ಲೇ ಮೋಸ. ಈಗ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ, ಬೆಳಿಗ್ಗೆಯೇ ಅವನ ಡಬ್ಬಿಗೆ ಹಾಕಿಡುತ್ತೇನೆ. ಡಬ್ಬಿ ಖಾಲಿಯಾದರೆ ಮುಳ್ಳುಸೌತೆ. ಅದಕ್ಕೂ ಅಷ್ಟೇ ಖುಷಿಯಿಂದ ಬಾಲ ಆಡಿಸುತ್ತಾನೆ, ಕಳ್ಳ. ಡಾಕ್ಟ್ರು ಲಿವರ್‌ಗೂ ಕಡಿವಾಣ ಹಾಕಿದರು. ಅದರಲ್ಲಿ ವಿಟಮಿನ್ ಎ ಜಾಸ್ತಿ, ವಾರಕ್ಕೆ ಎರಡು ಸಲ ಒಂದೊಂದು ಚೂರು ಸಾಕು ಅಂತ.

ಮೀನಿನ ಕಥೆ ಬೇರೆ. ಮಾರ್ಕೆಟ್ಟಿನ ಒಣಮೀನು ನಾಯಿಗೆ ಆಗದು, ಅದರಲ್ಲಿ ಉಪ್ಪೇ ಉಪ್ಪು. ಹಾಗಾಗಿ ಮಲ್ಪೆಯಿಂದ ತಾಜಾ ಬೂತಾಯಿ ತಂದು, ಬೇಯಿಸಿ, ಮುಳ್ಳು ತೆಗೆದು ಒಣಗಿಸಿದೆ. ತಿಂಡಿ ಮಟ್ಟಿಗೆ ಇದಕ್ಕಿಂತ ಒಳ್ಳೆಯದು ಕೆಂಚ ಕಂಡಿಲ್ಲ. ಆದರೆ ನಾವು ಇರುವುದು ಬಾಡಿಗೆ ಮನೆಯ ಮಹಡಿಯಲ್ಲಿ. ಕೆಳಗೆ ಓನರ್, ಶುದ್ಧ ಸಸ್ಯಾಹಾರಿಗಳು. ನಾಲ್ಕನೇ ಗಂಟೆಗೆ ಮೆಟ್ಟಿಲಿನಿಂದಲೇ ಕೂಗಿದರು: "ಎಂತದು ಮಾರಾಯ್ರೆ ವಾಸನೆ, ಹೆಗ್ಗಣ ಏನಾದ್ರೂ ಸತ್ತಿದೆಯಾ?" ಅಲ್ಲಿಗೆ ಮೀನು ಬಂದ್. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಬೂತಾಯಿ ಕೊಳ್ಳುವ ಬೆಲೆಯಲ್ಲೂ ಇರುವುದಿಲ್ಲ. ಓನರ್ ಮನೆಯ ಅಮ್ಮ ಮಳೆಗೆ ಹಲಸಿನ ಹಪ್ಪಳ ಒಣಗದೆ ಪರದಾಡುವಾಗ ಮೇಲೆ ನನ್ನ ಮಿಶನ್ ಖಾಲಿ ಇರುತ್ತದೆ. ಕೊಡಲಾ ಅಂತ ಕೇಳುವ ಧೈರ್ಯ ಮಾತ್ರ ನನಗಿಲ್ಲ.

ಗೆಣಸು ಚೆನ್ನಾಗಿ ಬರುತ್ತದೆ. ಬೇಯಿಸಿ, ದಪ್ಪಗೆ ಕೊಯ್ದು ಒಣಗಿಸಿದರೆ ಅಂಟಂಟಾಗಿ ತುಂಬ ಹೊತ್ತು ಜಗಿಯುತ್ತಾನೆ. ಬಾಳೆಹಣ್ಣು ತಟ್ಟೆಗೆ ಅಂಟಿ ಕೈಗೆ ಬರಲಿಲ್ಲ.

ನಮ್ಮ ಮಳೆಗೆ ಒಣಗಿಸುವುದು ಅರ್ಧ ಕೆಲಸ, ಇಡುವುದು ಇನ್ನರ್ಧ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟ ಗೆಣಸಿಗೆ ನಾಲ್ಕೇ ದಿನದಲ್ಲಿ ಬೂಷ್ಟು ಬಂತು. ಬೂಷ್ಟು ಬಂದದ್ದನ್ನು ಒರೆಸಿ ಕೊಡಬೇಡಿ, ಇಡೀ ಡಬ್ಬಿಯನ್ನು ಎಸೆಯಿರಿ. ಈಗ ಪೂರ್ತಿ ತಣಿದ ಮೇಲೆ ಗಾಜಿನ ಭರಣಿಗೆ ತುಂಬಿ ಫ್ರಿಜ್ಜಲ್ಲಿ ಇಡುತ್ತೇನೆ. ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಕೆಳಗೆ, ಉಳಿದದ್ದು ಫ್ರೀಜರಿಗೆ.

ಮಿಶನ್ನಿನ ಮೇಲೆ ನನಗೆ ಎರಡು ತಕರಾರು. ಕರೆಂಟ್ ಹೋಗಿ ಬಂದರೆ ಟೈಮರ್ ಸೊನ್ನೆಗೆ ಬಂದು ತೆಪ್ಪಗೆ ಕೂರುತ್ತದೆ. ರಾತ್ರಿ ಇಟ್ಟು ಮಲಗಿದೆ, ಗುಡುಗಿಗೆ ಕರೆಂಟ್ ಹೋಯಿತು, ಬೆಳಿಗ್ಗೆ ನೋಡಿದರೆ ಒಂದು ಕಿಲೋ ಕೋಳಿ ಅರ್ಧವೇ ಒಣಗಿದೆ. ಎಲ್ಲ ಎಸೆದೆ. ಈಗ ಹಗಲು ಮಾತ್ರ ಇಡುತ್ತೇನೆ. ಇನ್ನೊಂದು, ಹನ್ನೊಂದನೇ ತಿಂಗಳಿಗೆ ಫ್ಯಾನ್ ಗುರ್ ಗುರ್ ಅನ್ನಲು ಶುರುವಾಯಿತು. ವಾರಂಟಿ ಇತ್ತು, ಆದರೆ ಬೆಂಗಳೂರಿಗೆ ಕಳಿಸಿ ಅಂದರು. ಪೇಟೆಯ ಮಿಕ್ಸಿ ರಿಪೇರಿ ಅಂಗಡಿಯವರು 350 ರೂಪಾಯಿಗೆ ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಟ್ಟರು.

ಖರ್ಚು ಹೀಗೆ. 400 ವಾಟ್ ಎಂಟು ಗಂಟೆ ಓಡಿದರೆ ಮೂರು ಯೂನಿಟ್ಟಿನ ಮೇಲೆ ಸ್ವಲ್ಪ. ಗೃಹಜ್ಯೋತಿಯಲ್ಲಿ ಇರುವವರು ಮೀಟರ್ ಮೇಲೆ ಒಂದು ಕಣ್ಣಿಡಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಕೋಳಿ, ಕರೆಂಟ್ ಸೇರಿ ನನಗೆ 100 ಗ್ರಾಂ ತಿಂಡಿಗೆ 140 ರೂಪಾಯಿ ಬೀಳುತ್ತದೆ. ಪ್ಯಾಕೆಟ್ 70 ಗ್ರಾಮಿಗೆ 180 ಇತ್ತು. ತಿಂಗಳಿಗೆ 300 ಗ್ರಾಂ ಮಾಡುವ ನನಗೆ ಮಿಶನ್ನಿನ ದುಡ್ಡು ಈಗಷ್ಟೇ ಹುಟ್ಟಿದೆ.

ಒಂದೇ ನಾಯಿ, ಅದೂ ತರಕಾರಿ ತಿನ್ನುವಂಥದ್ದಾದರೆ ಈ ಮಿಶನ್ ಬೇಡ. ಮುಳ್ಳುಸೌತೆ, ಕ್ಯಾರೆಟ್, ಬೀಜ ತೆಗೆದ ಕಲ್ಲಂಗಡಿ ಸಾಕು. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಒಂದೂ ಕೊಡಬೇಡಿ, ಕಿಡ್ನಿಗೆ ಪೆಟ್ಟು. ಎರಡು ಮೂರು ನಾಯಿ ಇದ್ದು, ಕೋಳಿಯೇ ಬೇಕು ಅಂತ ಹಟ ಹಿಡಿಯುವವರಾದರೆ ತೆಗೆದುಕೊಳ್ಳಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಟೈಮರ್ ಸರಿ ಇದ್ದಿದ್ದರೆ ನಾಲ್ಕು. ಕೆಂಚ ಈಗ 14.3 ಕೆಜಿ.